ಕಂತು ಮುಗಿದ ಮೇಲೆ ಶುರುವಾಗುವ ಕತೆ

ಟೀವಿ ಆರಿಸಿದರೂ ಶಕುಂತಲಾ, ಆರ್ಯವರ್ಧನ್, ಸ್ನೇಹಾ ಸುಮ್ಮನಿರುವುದಿಲ್ಲ. ದಕ್ಷಿಣ ಬೆಂಗಳೂರಿನ ಪಿ.ಜಿ. ಕೋಣೆಗಳಲ್ಲಿ, ಮೆಟ್ರೊ ಸೀಟುಗಳಲ್ಲಿ, ಪಾರ್ಕಿನ ಕಲ್ಲುಬೆಂಚುಗಳಲ್ಲಿ ಅಭಿಮಾನಿಗಳು ಅವರ ಬದುಕನ್ನು ಮುಂದುವರಿಸುತ್ತಿದ್ದಾರೆ. ಅದನ್ನು ಓದಿದವರು ಮರುದಿನ ಅದೇ ಧಾರಾವಾಹಿಯನ್ನು ಬೇರೆ ಮನಸ್ಸಿನಿಂದ ನೋಡುತ್ತಾರೆ. ತಾಳಮದ್ದಲೆ ಕೇಳಿ ಬೆಳೆದವರಿಗೆ ಈ ಸೋಜಿಗ ಹೊಸತೇನಲ್ಲ!

ಬಿಟಿಎಂ ಲೇಔಟ್ ಎರಡನೇ ಹಂತದ ಒಂದು ಹೆಣ್ಣುಮಕ್ಕಳ ಪಿ.ಜಿ. ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬಂದವರ ಛತ್ರಿಗಳು ಬಾಗಿಲಲ್ಲೇ ನೀರಿಳಿಸುತ್ತಿವೆ. ಊಟದ ಹಾಲಿನ ಟೀವಿಯಲ್ಲಿ ‘ಅಮೃತಧಾರೆ’. ಗೌತಮ್‌ನ ಮಲತಾಯಿ ಶಕುಂತಲಾ ತೆರೆಗೆ ಬಂದದ್ದೇ ತಡ, ತಟ್ಟೆ ಹಿಡಿದು ಕೂತವರಿಂದ ಶಾಪದ ಸುರಿಮಳೆ. ‘ಬಂದ್ಲು ನೋಡು ಮಹಾತಾಯಿ!’

ಒಬ್ಬಳು ಮಾತ್ರ ದನಿಗೂಡಿಸಲಿಲ್ಲ. ‘ಪಾಪ ಕಣ್ರೇ, ಬೈಬೇಡಿ. ಅವ್ಳು ಈ ಮನೆಗೆ ಕಾಲಿಟ್ಟಾಗ ಏನಾಯ್ತು ಅಂತ ಗೊತ್ತಾ ನಿಮಗೆ?’

ಅವಳು ಹೇಳುತ್ತಿದ್ದುದು ಟೀವಿಯಲ್ಲಿ ಕಂಡದ್ದಲ್ಲ, ಹಿಂದಿನ ರಾತ್ರಿ ಮೊಬೈಲಿನಲ್ಲಿ ಓದಿದ್ದು. ಬರೆದವಳು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿರುವ, ಹಾಸನದ ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿ.

ಆ ಚಿಕ್ಕ ಕತೆಯನ್ನು ನಾನೂ ಓದಿದೆ. ಎರಡನೇ ಹೆಂಡತಿಯಾಗಿ ಬಂದ ಶಕುಂತಲಾ ಮೊದಲ ದಿನ ಅಡುಗೆಮನೆಗೆ ಹೋಗುತ್ತಾಳೆ. ಕಪಾಟಿನ ತುಂಬ ಸ್ಟೀಲ್ ಡಬ್ಬಿಗಳು. ಒಂದೊಂದರ ಮೇಲೂ ಇನ್ನೊಬ್ಬಳ ದುಂಡು ಅಕ್ಷರದ ಚೀಟಿ: ಸಾಸಿವೆ, ಮೆಂತ್ಯ, ಉದ್ದಿನಬೇಳೆ. ಉಪ್ಪಿಟ್ಟು ಮಾಡಿ ಹುಡುಗನ ಮುಂದಿಡುತ್ತಾಳೆ. ಅವನು ಚಮಚ ಮುಟ್ಟದೆ ಕೇಳುತ್ತಾನೆ, ‘ಇದು ಅಮ್ಮನ ಡಬ್ಬೀದಾ?’ ವರ್ಷಗಳು ಕಳೆದು ಡಬ್ಬಿಗಳು ಸೊಟ್ಟಗಾಗುತ್ತವೆ, ಮನೆಯ ಬೀಗದ ಕೈ ಇವಳ ಸೊಂಟಕ್ಕೆ ಬರುತ್ತದೆ. ಆ ಚೀಟಿಗಳನ್ನು ಕಿತ್ತುಹಾಕುವ ಧೈರ್ಯ ಮಾತ್ರ ಬರುವುದಿಲ್ಲ. ಇಷ್ಟೇ ಕತೆ.

ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ, ಬರೆಯುವವರ ಬಾಯಲ್ಲಿ ಬರೀ ‘ಫ್ಯಾನ್‌ಫಿಕ್’. ಯಾರೋ ಹುಟ್ಟಿಸಿದ ಪಾತ್ರವನ್ನು ಎತ್ತಿಕೊಂಡು, ಸಂಭಾವನೆಯ ಆಸೆಯಿಲ್ಲದೆ, ತೆರೆಯ ಮೇಲೆ ಬಾರದ ಹಿಂದಿನದನ್ನೋ ಮುಂದಿನದನ್ನೋ ಬರೆಯುವುದು. ಬರೆಯುವವರ ಬಗ್ಗೆ ಅಷ್ಟಿಷ್ಟು ಮಾತು ನಡೆದಿದೆ. ನನ್ನ ಕುತೂಹಲ ಓದುವವರ ಮೇಲೆ. ಡಬ್ಬಿಯ ಚೀಟಿಯನ್ನು ಓದಿದ ಹುಡುಗಿಗೆ ಏನಾಯಿತು? ಧಾರಾವಾಹಿ ಎಳ್ಳಷ್ಟೂ ಬದಲಾಗಲಿಲ್ಲ. ಮರುದಿನವೂ ಶಕುಂತಲಾ ನಗುನಗುತ್ತಲೇ ಸಂಚು ಹೂಡಿದಳು. ಆದರೆ ಈಕೆಗೆ ಆ ಸಂಚಿನ ಹಿಂದೆ ದುರಾಸೆಯ ಬದಲು ದಿಗಿಲು ಕಂಡಿತು. ತನ್ನದಲ್ಲದ ಮನೆಯಲ್ಲಿ ತಳವೂರಲು ಒದ್ದಾಡುವ ಹೆಂಗಸಿನ ದಿಗಿಲು.

ಒಂದು ಕತೆಯ ಬಲ ಎಷ್ಟೆಂದು ನನಗೆ ಗೊತ್ತಾದದ್ದು ಆ ‘ಪಾಪ ಕಣ್ರೇ’ಯಲ್ಲಿ.

ಇಪ್ಪತ್ತಮೂರೂವರೆ ಗಂಟೆಯ ಬಿಡುವು

ದೈನಿಕ ಧಾರಾವಾಹಿಯ ಕಂತು ಅರ್ಧ ಗಂಟೆಯದು. ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಮಿಕ್ಕ ಇಪ್ಪತ್ತಮೂರೂವರೆ ಗಂಟೆ ಪಾತ್ರಗಳು ನೋಡುಗರ ವಶದಲ್ಲಿರುತ್ತವೆ. ಒಳ್ಳೆಯ ತಿರುವಿನಲ್ಲಿ ಕತೆ ನಿಂತಾಗ ಅವರು ಕೈಕಟ್ಟಿ ಕೂರುವುದಿಲ್ಲ. ಹೀಗಾಗಬಹುದು, ಹಾಗಾದರೆ ಚೆನ್ನ ಎಂದು ಮನಸ್ಸು ತಾನೇ ಕತೆ ಹೆಣೆಯುತ್ತದೆ.

ಇನ್ನೊಂದು ಕಾರಣ ಟೀವಿಯ ಸ್ವಭಾವದಲ್ಲೇ ಇದೆ. ಕ್ಯಾಮೆರಾ ಪಾತ್ರದ ಮುಖದವರೆಗೆ ಹೋಗಬಲ್ಲದು. ಕಣ್ಣು ತುಂಬಿದ್ದು ಕಾಣುತ್ತದೆ, ತುಟಿ ನಡುಗಿದ್ದು ಕಾಣುತ್ತದೆ, ಹಿನ್ನೆಲೆ ಸಂಗೀತ ಏರುತ್ತದೆ. ಆ ಕ್ಷಣದಲ್ಲಿ ತಲೆಯೊಳಗೆ ಓಡಿದ ಮಾತು ಯಾವುದು? ಅದನ್ನು ಹೇಳಲು ಬರಹವೇ ಬೇಕು. ಅಭಿಮಾನಿ ಕತೆಗಳಲ್ಲಿ ಘಟನೆಗಿಂತ ಮನಸ್ಸಿನ ಮಾತು ಹೆಚ್ಚು. ಓದುಗ ಪಾತ್ರದ ಎದುರಿನಿಂದ ಎದ್ದು, ಅದರ ಒಳಗೆ ಹೋಗಿ ಕೂರುತ್ತಾನೆ. ಒಳಗೆ ಕೂತು ಬಂದವನಿಗೆ ಮತ್ತೆ ಹೊರಗಿನಿಂದ ಕಲ್ಲೆಸೆಯುವುದು ಕಷ್ಟ.

ಬರೆಯಲು ಜಾಗಗಳಿಗೇನೂ ಬರವಿಲ್ಲ. 2006ರಲ್ಲಿ ಕೆನಡಾದಲ್ಲಿ ಹುಟ್ಟಿದ ವಾಟ್‌ಪ್ಯಾಡ್ ಇದೆ. 2014ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಪ್ರತಿಲಿಪಿ ಇದೆ. ವಾಟ್ಸ್‌ಆ್ಯಪ್ ಗುಂಪುಗಳಂತೂ ಲೆಕ್ಕಕ್ಕಿಲ್ಲ. ಕೆಲವರು ಕನ್ನಡ ಅಕ್ಷರದಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆಗೆ 2025ರ ಆಗಸ್ಟಿನಲ್ಲಿ ಓಡಾಟ ಶುರುಮಾಡಿದ ಮೆಟ್ರೊ ಹಳದಿ ಮಾರ್ಗದಲ್ಲಿ ಜಯದೇವ ದಾಟುವಷ್ಟರಲ್ಲಿ ಒಂದು ಅಧ್ಯಾಯ ಓದಿ ಮುಗಿಸಬಹುದು.

■ ಎಲ್ಲಿಂದ ಬಂತು?
* 1893ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಸಾಯಿಸಿದ. ಓದುಗರು ಒಪ್ಪಲಿಲ್ಲ. 1903ರಲ್ಲಿ ಹೋಮ್ಸ್ ಬದುಕಿ ಬಂದ.
* ಟೀವಿ ಪಾತ್ರಗಳ ಮೇಲಿನ ಅಭಿಮಾನಿ ಬರಹಕ್ಕೆ ದೊಡ್ಡ ದಾರಿ ತೆರೆದದ್ದು ಅಮೆರಿಕದ ‘ಸ್ಟಾರ್ ಟ್ರೆಕ್’. ಅದರ ಅಭಿಮಾನಿಗಳು 1967ರಲ್ಲೇ ‘ಸ್ಪೊಕಾನೇಲಿಯಾ’ ಎಂಬ ಪತ್ರಿಕೆ ತಂದರು.
* ಅಭಿಮಾನಿ ಬರಹಗಳ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ವಿಜ್ಞಾನ ಕಥಾಲೋಕದ ಹ್ಯೂಗೊ ಪ್ರಶಸ್ತಿ ಬಂತು.

ಮುಖ ಬದಲಾದ ಆರ್ಯ

ನಮ್ಮಲ್ಲಿ ಪಾತ್ರದ ಮೇಲಿನ ಮಮಕಾರ ಎಷ್ಟು ಆಳಕ್ಕೆ ಇಳಿಯಬಲ್ಲದು ಎನ್ನುವುದಕ್ಕೆ ‘ಜೊತೆ ಜೊತೆಯಲಿ’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ಧಾರಾವಾಹಿ, ಆರೂರು ಜಗದೀಶ್ ನಿರ್ದೇಶನ. ನಲವತ್ತು ದಾಟಿದ ಸಿರಿವಂತ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ್ ಜತ್ಕರ್, ಸಾಧಾರಣ ಮನೆಯ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ವಯಸ್ಸಿನ ಅಷ್ಟು ಅಂತರದ ಪ್ರೀತಿಯನ್ನು ಕನ್ನಡದ ಮನೆಗಳು ಎದೆಗೆ ಹಚ್ಚಿಕೊಂಡವು.

ತೊಡಕು ಇದ್ದದ್ದು ಕತೆಯ ಬೇರಿನಲ್ಲಿ. ಇದರ ಮೂಲ ಮರಾಠಿಯ ‘ತುಲಾ ಪಾಹತೇ ರೇ’. ಅಲ್ಲಿ ನಾಯಕನೇ ಕಡೆಗೆ ಖಳನಾಗುತ್ತಾನೆ. ಮೂಲ ಗೊತ್ತಿದ್ದವರು ಮೊದಲಿನಿಂದಲೂ ಎದೆ ಹಿಡಿದುಕೊಂಡೇ ನೋಡಿದರು. ಕನ್ನಡದಲ್ಲೂ ಮೊದಲ ಹೆಂಡತಿ ರಾಜನಂದಿನಿಯ ಕತೆ ತೆರೆದುಕೊಂಡು ಆರ್ಯನ ಮೇಲೆ ಕಪ್ಪು ನೆರಳು ಬಿದ್ದಾಗ, ಮೆಚ್ಚಿ ಮನೆಗೆ ಕರೆದುಕೊಂಡಿದ್ದ ಗಂಡಸನ್ನು ಏಕಾಏಕಿ ದ್ವೇಷಿಸಬೇಕಾದ ಸಂಕಟ ನೋಡುಗರದಾಯಿತು.

ಇಂಥ ಹೊತ್ತಿನಲ್ಲಿ ಅಭಿಮಾನಿ ಬರಹ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಆತ ತಪ್ಪೇ ಮಾಡಿಲ್ಲ, ಬೇರೆಯವರ ಸಂಚು ಎಂದು ಸಾಧಿಸುವುದು ಒಂದು. ತಪ್ಪು ಮಾಡಿದ್ದಾನೆ, ಆದರೆ ತಾಳಿ ಕಟ್ಟುವ ಮುಂಚೆ ಅನುವಿನ ಎದುರು ಕೂತು ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದು ಬರೆಯುವುದು ಇನ್ನೊಂದು. ಎರಡನೆಯದು ಕಷ್ಟದ ದಾರಿ, ನನಗೆ ಇಷ್ಟವಾಗುವ ದಾರಿಯೂ ಹೌದು. ಅದರಲ್ಲಿ ಪಾತ್ರಕ್ಕೆ ಪುಕ್ಕಟೆ ಕ್ಷಮೆಯಿಲ್ಲ, ಓದುಗರು ಅನುವಿನ ಜಾಗದಲ್ಲಿ ನಿಂತು ತಾವೇ ತೀರ್ಮಾನಿಸಬೇಕು.

2022ರ ಆಗಸ್ಟಿನಲ್ಲಿ ಅನಿರುದ್ಧ್ ಧಾರಾವಾಹಿಯಿಂದ ಹೊರಬಂದರು. ಅವರಿಲ್ಲದೆ ನೋಡುವುದೇ ಇಲ್ಲ ಎಂದು ಅಭಿಮಾನಿಗಳು ಪಟ್ಟು ಹಿಡಿದರು. ಕತೆ ಅಪಘಾತ, ಶಸ್ತ್ರಚಿಕಿತ್ಸೆಗಳ ಹಾದಿ ಹಿಡಿದು ಹರೀಶ್ ರಾಜ್ ಮುಖದಲ್ಲಿ ಮುಂದುವರಿಯಿತು, 2023ರಲ್ಲಿ ಮುಗಿಯಿತು. ಬನಶಂಕರಿ ಮೂರನೇ ಹಂತದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಆ ದಿನಗಳನ್ನು ನೆನೆದು ಹೇಳಿದ ಮಾತು: ‘ಟೀವೀಲಿ ಯಾರಾದ್ರೂ ಬರ್ಲಿ ಬಿಡಿ. ನನ್ನ ಸೊಸೆ ಕಳಿಸ್ತಿದ್ದ ಕತೆ ಓದೋವಾಗ ಕಣ್ಣಮುಂದೆ ಬರ್ತಿದ್ದುದು ಹಳೇ ಆರ್ಯನೇ.’

ಆ ತಾಯಿಯ ಪಾಲಿಗೆ ಪಾತ್ರ ನಟನಿಂದಲೂ ವಾಹಿನಿಯಿಂದಲೂ ಬಿಡಿಸಿಕೊಂಡು ಓದಿನಲ್ಲಿ ನೆಲೆನಿಂತಿತ್ತು.

ವಾಲಿ ಸಾಯುವ ಮುಂಚಿನ ಮಾತು

ಕರಾವಳಿ ಮಲೆನಾಡುಗಳಿಂದ ಬಂದು ಜಯನಗರ, ಜೆ.ಪಿ. ನಗರಗಳಲ್ಲಿ ನೆಲೆಸಿದ ಹಿರಿಯರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಅವರು ತಾಳಮದ್ದಲೆ ಕೇಳಿದವರು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತಿಗಿಳಿಯುತ್ತಾನೆ. ಪದ್ಯ ಮೊದಲೇ ಬರೆದದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ‘ವಾಲಿವಧೆ’ ಪ್ರಸಂಗವನ್ನೇ ತೆಗೆದುಕೊಳ್ಳಿ. ರಾಮನ ಬಾಣ ತಗುಲಿ ವಾಲಿ ಬೀಳುತ್ತಾನೆ. ಇದು ಕೂತ ಎಲ್ಲರಿಗೂ ಗೊತ್ತು. ವಾಲಿ ಬದುಕುವುದಿಲ್ಲ ಎನ್ನುವುದೂ ಗೊತ್ತು. ಆದರೂ ಬಿದ್ದ ವಾಲಿ ರಾಮನಿಗೆ ಹಾಕುವ ಪ್ರಶ್ನೆಗಳಿಗಾಗಿ ಜನ ನಿದ್ದೆಗೆಟ್ಟು ಕಾಯುತ್ತಾರೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನನಗೂ ನಿನಗೂ ಏನು ವೈರವಿತ್ತು ಎಂದು ಅವನು ಕೇಳತೊಡಗಿದರೆ, ರಾಮಭಕ್ತರೇ ತುಂಬಿದ ಸಭೆಯೂ ವಾಲಿಯ ಪಕ್ಕಕ್ಕೆ ವಾಲುತ್ತದೆ.

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಹೆಸರಾದವರು. ಪುರಾಣದಲ್ಲಿ ಸೋತವರಿಗೆ ಅವರ ಮಾತಿನಲ್ಲಿ ಘನತೆ ಸಿಗುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಒಂದೇ: ಕತೆಯ ಒಂದು ಎಳೆಯನ್ನೂ ಯಾರೂ ಕದಲಿಸಿಲ್ಲ. ಬಾಣ ಬಿಟ್ಟದ್ದು ರಾಮನೇ, ಸತ್ತದ್ದು ವಾಲಿಯೇ. ಕೇಳುಗ ಬರುವಾಗ ತಂದ ಭಾವ ಒಂದು, ಹೋಗುವಾಗ ಒಯ್ದ ಭಾವ ಇನ್ನೊಂದು. ಬಿಟಿಎಂ ಪಿ.ಜಿ.ಯ ಹುಡುಗಿ ಶಕುಂತಲಾಗೆ ಮಾಡಿದ್ದೂ ಇದನ್ನೇ. ಅವಳು ತಾಳಮದ್ದಲೆಯ ಹೆಸರು ಕೇಳಿದ್ದಾಳೆಯೇ ಹೊರತು ಕೂತು ನೋಡಿಲ್ಲ.

ಕನ್ನಡದ ಕಾವ್ಯವೂ ಈ ದಾರಿಯನ್ನು ಬಹಳ ಹಿಂದೆಯೇ ತುಳಿದಿದೆ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ ಅರ್ಜುನನ ಕಾವ್ಯ, ಓದಿದವರ ಮನಸ್ಸಿನಲ್ಲಿ ಉಳಿಯುವವನು ಕರ್ಣ. ರನ್ನನ ದುರ್ಯೋಧನ ಸೋಲುವಾಗಲೇ ನಮಗೆ ಹತ್ತಿರವಾಗುತ್ತಾನೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ಕೇಡಿನ ಹಿಂದೆ ಭರತನ ಮೇಲಿನ ಮಮತೆಯನ್ನು ಇಟ್ಟರು. ಮಂಥರೆಯ ಎದೆ ಹೊಕ್ಕು ಬಂದವನಿಗೆ ಅವಳ ಗೂನುಬೆನ್ನನ್ನು ಆಡಿಕೊಳ್ಳುವ ಮನಸ್ಸಾಗದು. ಮಹಾಕಾವ್ಯವನ್ನೂ ಮೊಬೈಲ್ ಕತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ಓದುಗನ ಒಳಗೆ ನಡೆಯುವ ಪಲ್ಲಟ ಮಾತ್ರ ಒಂದೇ ಜಾತಿಯದು ಎಂದು ಖಂಡಿತವಾಗಿ ನಂಬಿದ್ದೇನೆ.

ಕತೆಯೆಂದು ಗೊತ್ತಿದ್ದೂ

‘ಅದು ಯಾರೋ ಬರೆದ ಕತೆ ಅಂತ ಗೊತ್ತಿದ್ದೂ ಹೇಗೆ ನಂಬ್ತಾರೆ?’ ಎಂದು ಕೇಳುವವರಿದ್ದಾರೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ತೆರೆಯ ಮೇಲಿನ ವ್ಯಕ್ತಿಯ ಜೊತೆ ನೋಡುಗ ಕಟ್ಟಿಕೊಳ್ಳುವ ಒಮ್ಮುಖ ನಂಟನ್ನು ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು 1956ರಲ್ಲೇ ಗುರುತಿಸಿದ್ದರು. 2000ದಲ್ಲಿ ಮೆಲನಿ ಗ್ರೀನ್ ಮತ್ತು ತಿಮೊಥಿ ಬ್ರಾಕ್ ಇನ್ನೊಂದನ್ನು ತೋರಿಸಿದರು. ಕತೆಯಲ್ಲಿ ಹೆಚ್ಚು ಮುಳುಗಿದವರ ಅಭಿಪ್ರಾಯ ಹೆಚ್ಚು ಕತೆಯ ಕಡೆಗೆ ವಾಲುತ್ತದೆ. ಇದು ನಿಜಸಂಗತಿ ಎಂದು ಹೇಳಿ ಕೊಟ್ಟರೂ, ಕಟ್ಟುಕತೆ ಎಂದು ಹೇಳಿ ಕೊಟ್ಟರೂ ಆ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಂದರೆ ವಾಹಿನಿಯ ಕತೆ ‘ಅಸಲಿ’, ಪಿ.ಜಿ. ಹುಡುಗಿಯದು ‘ನಕಲಿ’ ಎಂಬ ವಿಂಗಡಣೆ ಬುದ್ಧಿಗೆ ಗೊತ್ತಿರುತ್ತದೆ, ಭಾವಕ್ಕೆ ಅದರ ಹಂಗಿಲ್ಲ.

■ ಬರೆಯುವವರ ನುಡಿಗಟ್ಟು
* ಕ್ಯಾನನ್: ಧಾರಾವಾಹಿಯಲ್ಲಿ ನಿಜವಾಗಿ ಬಂದದ್ದು.
* ಫ್ಯಾನನ್: ತೆರೆಯಲ್ಲಿ ಬಾರದೆಯೂ ಅಭಿಮಾನಿಗಳೆಲ್ಲ ಒಪ್ಪಿಕೊಂಡದ್ದು.
* ಶಿಪ್ ಮಾಡು: ಎರಡು ಪಾತ್ರಗಳು ಜೋಡಿಯಾಗಲಿ ಎಂದು ಹಂಬಲಿಸುವುದು.
* ಒನ್‌ಶಾಟ್: ಒಂದೇ ಕಂತಿನಲ್ಲಿ ಮುಗಿಯುವ ಕತೆ.
* ಎಯು: ಪಾತ್ರ ಅದೇ, ಲೋಕ ಬೇರೆ. ಉದ್ಯಮಿ ಆರ್ಯ ಇಲ್ಲಿ ಹಳ್ಳಿಶಾಲೆಯ ಮೇಷ್ಟ್ರಾಗಬಹುದು.

ಕ್ಷಮೆ ಯಾರಿಗೆ, ಎಷ್ಟಕ್ಕೆ

ಭಾವವನ್ನು ತಿರುಗಿಸುವ ಶಕ್ತಿ ಯಾವಾಗಲೂ ಒಳ್ಳೆಯ ಕಡೆಗೇ ತಿರುಗಿಸುತ್ತದೆ ಎಂದೇನಿಲ್ಲ. ನನಗೆ ಕಳವಳ ತರುವ ಒಂದು ಬಗೆಯ ಅಭಿಮಾನಿ ಕತೆಗಳಿವೆ. ಬಲವಂತದಿಂದ ತಾಳಿ ಕಟ್ಟುವವನು, ಹೆಂಡತಿಯ ಫೋನ್ ಕಿತ್ತುಕೊಳ್ಳುವವನು, ಸಿಟ್ಟು ಬಂದರೆ ರಟ್ಟೆ ಹಿಡಿದು ಎಳೆಯುವವನು ಇಲ್ಲಿ ನಾಯಕ. ಅವನಿಗೊಂದು ನೊಂದ ಬಾಲ್ಯ ಬರೆದುಬಿಟ್ಟರೆ ಎಲ್ಲವೂ ಮಾಫಿ. ಕಮೆಂಟಿನಲ್ಲಿ ಹದಿನೆಂಟರ ಹುಡುಗಿಯರು ‘ಇಂಥ ಗಂಡ ಸಿಗಬೇಕು’ ಎಂದು ಬರೆಯುವಾಗ ನನಗೆ ಎದೆ ಧಸಕ್ಕೆನ್ನುತ್ತದೆ. ಡಬ್ಬಿಯ ಚೀಟಿ ಶಕುಂತಲಾಳನ್ನು ಅರ್ಥ ಮಾಡಿಸುತ್ತದೆ, ಅವಳ ಸಂಚು ಸರಿ ಎಂದು ಹೇಳುವುದಿಲ್ಲ. ಈ ಗೆರೆ ತೆಳುವಾದದ್ದು, ಬರೆಯುವವರು ಕಣ್ಣಿಟ್ಟು ಕಾಯಬೇಕಾದದ್ದು.

ಸಮಾಧಾನದ ಸಂಗತಿಯೆಂದರೆ ಓದುಗರೇ ಈಗ ತಡೆಯತೊಡಗಿದ್ದಾರೆ. ಅಂಥದೊಂದು ಕತೆಯಲ್ಲಿ ನಾಯಕ ಹೂಗುಚ್ಛ ಕೊಟ್ಟು ‘ಸಾರಿ’ ಎಂದು ಮುಗಿಸಿದಾಗ, ಇಷ್ಟಕ್ಕೆಲ್ಲ ಅವಳು ಒಪ್ಪಬಾರದು ಎಂದು ಓದುಗರು ಜಗಳಕ್ಕೇ ನಿಂತರು. ಬರೆದಾಕೆ ಅಧ್ಯಾಯವನ್ನು ಅಳಿಸಿ ಬೇರೆ ಬರೆದಳು. ಹೊಸದರಲ್ಲಿ ಹೆಂಡತಿ ಜೆ.ಪಿ. ನಗರದಲ್ಲಿ ಒಂಟಿಯಾಗಿ ಮನೆ ಮಾಡುತ್ತಾಳೆ. ಅಡ್ವಾನ್ಸ್ ಕಟ್ಟಲು ಬಳೆ ಅಡವಿಡುತ್ತಾಳೆ. ಅವನು ತಿಂಗಳುಗಟ್ಟಲೆ ಬಾಗಿಲಾಚೆಯೇ ನಿಂತು ಮಾತಾಡಿಸಿ ಹೋಗಬೇಕಾಗುತ್ತದೆ.

ಸಾವಿನ ವಿಷಯಕ್ಕೆ ಬಂದರೆ ಅಭಿಮಾನಿ ಕತೆಗಳು ಮಾಡುವ ಕೆಲಸವೇ ಬೇರೆ. ಉಮಾಶ್ರೀ ಮುಖ್ಯ ಪಾತ್ರದಲ್ಲಿದ್ದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ 2024ರಲ್ಲಿ ಮಗಳು ಸ್ನೇಹಾಳ ಪಾತ್ರ ಸತ್ತಿತು. ಸಂಜನಾ ಬುರ್ಲಿ ಮಾಡುತ್ತಿದ್ದ, ಛಲದಿಂದ ಓದಿ ಅಧಿಕಾರಿಯಾದ ಹುಡುಗಿಯ ಪಾತ್ರ. ನೋಡುಗರಿಗೆ ನಿಜಕ್ಕೂ ದುಃಖವಾಯಿತು, ಸಿಟ್ಟೂ ಬಂತು. ಇಸ್ರೇಲಿನ ಸಂಶೋಧಕ ಜೊನಾಥನ್ ಕೋಹೆನ್ ಇಂಥ ಅಗಲಿಕೆಯ ನೋವನ್ನೇ ಅಧ್ಯಯನ ಮಾಡಿದ್ದಾರೆ. ಮೆಚ್ಚಿನ ಪಾತ್ರ ತೆರೆಯಿಂದ ಮರೆಯಾದರೆ ಗೆಳೆತನ ಕಡಿದಂಥ ನೋವು ಹಗುರವಾಗಿಯಾದರೂ ಆಗುತ್ತದೆ. ಸ್ನೇಹಾ ಬದುಕುಳಿದ ಕತೆ ಬರೆಯುವವಳು ಸಾವನ್ನು ಅಲ್ಲಗಳೆಯುತ್ತಿದ್ದಾಳೆ ಎಂದು ನಗುವುದು ಸುಲಭ. ಆದರೆ ಧಾರಾವಾಹಿ ಮರುದಿನವೇ ಮುಂದಿನ ತಿರುವಿಗೆ ಓಡಬೇಕು. ತಾಯಿ ಪುಟ್ಟಕ್ಕ ಮಗಳ ಬಟ್ಟೆ ಮಡಚಿಡುವುದನ್ನು ಪುಟಗಟ್ಟಲೆ ಬರೆಯುವ ಪುರುಸೊತ್ತು ಇರುವುದು ಅಭಿಮಾನಿಗೆ ಮಾತ್ರ. ಅಳಲು ಅಷ್ಟು ಹೊತ್ತಾದರೂ ಬೇಡವೇ?

ಮುಗಿಯದ ಜಾನಕಿ

ಎಲ್ಲರೂ ಬರೆಯುತ್ತಾರೆಂದಿಲ್ಲ. ಜಯನಗರದ ಪಾರ್ಕುಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂರುವ ಹೆಂಗಸರ ನಡುವೆ ಬಾಯಿಮಾತಿನ ಫ್ಯಾನ್‌ಫಿಕ್ ಮೊಬೈಲಿಗಿಂತ ಹಳೆಯದು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ 1998ರಲ್ಲಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದಾಗಲೇ ಅದು ಶುರು. 2022ರಲ್ಲಿ ಅದೇ ಪಾತ್ರಗಳ ಮುಂದಿನ ಬದುಕು ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡದಲ್ಲಿ ಬಂದಾಗ, ಈ ಬೆಂಚುಗಳಲ್ಲಿ ಅಷ್ಟು ವರ್ಷ ಬೆಳೆದಿದ್ದ ಕತೆಗೂ ಅದಕ್ಕೂ ತಾಳೆ ಹಾಕಿ ನೋಡುವುದೇ ಒಂದು ಹಬ್ಬವಾಗಿತ್ತು.

ಸೀತಾರಾಮ್ ಅವರ ಇನ್ನೊಂದು ಧಾರಾವಾಹಿ ‘ಮಗಳು ಜಾನಕಿ’ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಆರಂಭವಾಯಿತು. ಪೊಲೀಸ್ ಅಧಿಕಾರಿ ಜಾನಕಿಯಾಗಿ ಗಾನವಿ ಲಕ್ಷ್ಮಣ್, ಅವಳಿಗೆ ಗೊತ್ತಿಲ್ಲದ ಅಪ್ಪ, ವಕೀಲ ಸಿ.ಎಸ್.ಪಿ. ಆಗಿ ಸೀತಾರಾಮ್. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಅದು ನಡುವಿನಲ್ಲೇ ನಿಂತುಹೋಯಿತು. ಅಪ್ಪ ಮಗಳ ಲೆಕ್ಕ ಚುಕ್ತಾ ಆಗಲೇ ಇಲ್ಲ. ಕೊನೆಯೇ ಇಲ್ಲದ ಕತೆಗೆ ಪಾರ್ಕಿನಲ್ಲಿ ಎಷ್ಟು ಜನರಿದ್ದರೋ ಅಷ್ಟು ಕೊನೆಗಳು ಹುಟ್ಟಿದವು. ‘ರೀ, ಸಿ.ಎಸ್.ಪಿ. ಬಾಯಿಬಿಟ್ಟು ಹೇಳೋರಲ್ಲ, ಜಾನಕೀನೇ ಕಂಡುಹಿಡೀತಾಳೆ’ ಎಂದು ಒಬ್ಬರು. ‘ಅಯ್ಯೋ, ಅವಳಿಗೆ ಆಗ್ಲೇ ಅನುಮಾನ ಬಂದಿತ್ತು ಬಿಡಿ’ ಎಂದು ಇನ್ನೊಬ್ಬರು.

ಅವರಲ್ಲೊಬ್ಬರು ಕಟ್ಟಿದ ಕೊನೆ ಎಲ್ಲರಿಗೂ ಹಿಡಿಸಿತ್ತು. ಕೋರ್ಟಿನಲ್ಲಿ ಜಾನಕಿ ಸಾಕ್ಷಿ ಹೇಳಲು ನಿಲ್ಲುತ್ತಾಳೆ, ಪಾಟೀಸವಾಲಿಗೆ ಏಳುವವರು ಸಿ.ಎಸ್.ಪಿ. ‘ನಿಮ್ಮ ಪೂರ್ತಿ ಹೆಸರು ಹೇಳಿ’ ಎಂಬ ಮಾಮೂಲಿ ಪ್ರಶ್ನೆಗೆ ಆಕೆ ಉತ್ತರ ಕೊಡುವ ಮೊದಲು ಅವರ ಮುಖವನ್ನೇ ನೋಡುತ್ತಾಳೆ. ಆತ ಪ್ರಶ್ನೆ ವಾಪಸ್ ತೆಗೆದುಕೊಂಡು ಕೂತುಬಿಡುತ್ತಾರೆ. ಇದನ್ನು ಅವರು ಮನೆಯಲ್ಲೂ ಅದೆಷ್ಟು ಸಲ ಹೇಳಿದ್ದರೆಂದರೆ, ಧಾರಾವಾಹಿಯ ಒಂದು ಕಂತನ್ನೂ ನೋಡದ ಸೊಸೆಗೂ ಜಾನಕಿಯ ಮೇಲೆ ಅಕ್ಕರೆ ಬೆಳೆದಿತ್ತು. ಹೆರಿಗೆ ರಜೆಯಲ್ಲಿ ಆಕೆ ಹಳೆಯ ಕಂತುಗಳನ್ನು ಹುಡುಕಿ ನೋಡತೊಡಗಿದಳು. ತೆರೆಯ ಮೇಲಿನ ಜಾನಕಿ ತಾನು ಅಂದುಕೊಂಡದ್ದಕ್ಕಿಂತ ಬಿಗಿ, ಸಿ.ಎಸ್.ಪಿ. ಇನ್ನೂ ಬಿಗಿ ಅನ್ನಿಸಿತಂತೆ. ಆದರೂ ಅವರಿಬ್ಬರೂ ಎದುರುಬದುರಾದಾಗಲೆಲ್ಲ ಅವಳ ಕಣ್ಣು ತುಂಬುತ್ತಿತ್ತು, ಏಕೆಂದರೆ ಮುಂದೆ ಕೋರ್ಟಿನಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಸಿಕ್ಕ ಕಂತುಗಳೆಲ್ಲ ಮುಗಿದ ಮೇಲೆ ಅತ್ತೆಯನ್ನು ಕೇಳಿದಳು, ‘ಆ ಕೋರ್ಟ್ ಸೀನ್ ಯಾವ ಎಪಿಸೋಡಲ್ಲಿದೆ ಅತ್ತೆ? ಸಿಗ್ತಾನೇ ಇಲ್ಲ.’

‘ಅದು ಟೀವೀಲಿ ಬಂದಿಲ್ಲ ಕಣೆ,’ ಎಂದರು ಅತ್ತೆ, ‘ನಾನೇ ಮಾಡ್ಕೊಂಡಿದ್ದು.’